‘ಸಾಲ ಈಸ್ಕಂಡ್ರೆ ವಾಪಸ್ ಯಾವಾಗ ಕೊಡದು ಅಣ್ಣಾ?’

ಪ್ರಶ್ನೆ: ನನ್ನ ಮಗ ಎಂಟನೇ ಕ್ಲಾಸು. ಗಣಿತ ಅಂದರೆ ಮಾರು ದೂರ ಓಡುತ್ತಾನೆ. ಅಂಥವನು ಎರಡು ತಿಂಗಳಿಂದ ಪಕ್ಕದ ಮನೆಯ ಮೂರನೇ ಕ್ಲಾಸಿನ ಹುಡುಗಿಗೆ ಜಗಲಿ ಮೇಲೆ ಕೂತು ಲೆಕ್ಕ ಹೇಳಿಕೊಡುತ್ತಿದ್ದಾನೆ. ಮೊನ್ನೆ ಕಳೆಯುವ ಲೆಕ್ಕ ಮಾಡಿಸುವಾಗ ‘ಪಕ್ಕದ ಮನೆಯಿಂದ ಸಾಲ ತಗೋ’ ಅಂದ. ಅವಳು ‘ಸಾಲ ಈಸ್ಕಂಡ್ರೆ ವಾಪಸ್ ಯಾವಾಗ ಕೊಡದು ಅಣ್ಣಾ?’ ಅಂತ ಕೇಳಿಬಿಟ್ಟಳು. ಇವನು ನನ್ನ ಮುಖ ನೋಡಿದ. ನನಗೂ ಗೊತ್ತಿಲ್ಲ. ತನ್ನ ಲೆಕ್ಕವೇ ಬರದವನಿಗೆ ಇದೆಲ್ಲ ಯಾಕೆ, ನಿಲ್ಲಿಸು ಅಂತಾರೆ ನಮ್ಮ ಯಜಮಾನರು. ಏನು ಮಾಡಲಿ ಸರ್?
– ಒಬ್ಬ ತಾಯಿ, ಮದ್ದೂರು ತಾಲ್ಲೂಕು

ಉತ್ತರ: ನಿಲ್ಲಿಸಬೇಡಿ ತಾಯಿ. ಮೊದಲು ಆ ಪುಟ್ಟಿಗೆ ಉತ್ತರ ಕೊಡೋಣ.

52ರಲ್ಲಿ 17 ಕಳೆಯಬೇಕು ಅಂದುಕೊಳ್ಳಿ. ಬೆಂಕಿಕಡ್ಡಿಯಲ್ಲಿ ಹತ್ತು ಹತ್ತರ ಐದು ಕಟ್ಟು ಮಾಡಿ ರಬ್ಬರ್ ಹಾಕಿ. ಪಕ್ಕದಲ್ಲಿ ಎರಡು ಬಿಡಿ ಕಡ್ಡಿ ಇಡಿ. ಏಳು ಕಡ್ಡಿ ತೆಗೆ ಅಂದರೆ ಬಿಡಿ ಇರೋದು ಎರಡೇ. ಹಾಗಾದರೆ ಒಂದು ಕಟ್ಟು ಬಿಚ್ಚಲೇಬೇಕು. ಈಗ ನಾಲ್ಕು ಕಟ್ಟು, 12 ಬಿಡಿ. ಒಟ್ಟು ಆಗಲೂ 52, ಈಗಲೂ 52. ನೂರರ ನೋಟಿಗೆ ಚಿಲ್ಲರೆ ಮಾಡಿಸಿದ ಹಾಗೆ, ಅಷ್ಟೇ. ಏಳು ಬಿಡಿ, ಒಂದು ಕಟ್ಟು ತೆಗೆದರೆ 35 ಉಳಿಯಿತು. ಯಾರೂ ಸಾಲ ಕೊಟ್ಟಿಲ್ಲ, ವಾಪಸ್ ಕೊಡೋ ಮಾತೇ ಇಲ್ಲ. ‘ಸಾಲ’ ಅಂತ ರೂಢಿ ಮಾಡಿಸಿದವರು ನಾವು ಮೇಷ್ಟ್ರುಗಳೇ.

ನಿಮ್ಮ ಮಗ ಐದು ವರ್ಷದಿಂದ ಈ ಲೆಕ್ಕ ಸರಿಯಾಗಿಯೇ ಮಾಡುತ್ತಿರಬಹುದು. ಯಾಕೆ ಹಾಗೆ ಅಂತ ಯಾರೂ ಕೇಳಿರಲಿಲ್ಲ. ಮೇಷ್ಟ್ರು ಕೇಳಿದ್ದರೆ ತಲೆ ತಗ್ಗಿಸಿ ಸುಮ್ಮನಾಗುತ್ತಿದ್ದ. ಪುಟ್ಟ ಹುಡುಗಿ ‘ಅಣ್ಣಾ’ ಅಂತ ಕೇಳಿದಾಗ ಹಾಗೆ ತಪ್ಪಿಸಿಕೊಳ್ಳೋಕಾಗಲ್ಲ, ಅಲ್ವಾ? ಗಣಿತದಲ್ಲಿ ಹಿಂದೆ ಬಿದ್ದ ಮಕ್ಕಳ ತೊಡಕು ಎಷ್ಟೋ ಸಲ ಎಂಟನೇ ಕ್ಲಾಸಿನ ಬೀಜಗಣಿತದಲ್ಲಿ ಇರೋದಿಲ್ಲ. ಕೆಳಗೆಲ್ಲೋ ಮೂರು, ನಾಲ್ಕನೇ ಕ್ಲಾಸಿನಲ್ಲಿ ಇರುತ್ತೆ. ಅವನ ಕೈಗೆ ಮೂರನೇ ಕ್ಲಾಸಿನ ಪುಸ್ತಕ ಕೊಟ್ಟು ಓದು ಅನ್ನಿ, ಅವಮಾನದಿಂದ ಬಿಸಾಕುತ್ತಾನೆ. ಹೇಳಿಕೊಡು ಅನ್ನಿ, ಅದೇ ಪುಸ್ತಕ ಮರ್ಯಾದೆಯ ವಸ್ತು.

ಇದು ಬರೀ ನನ್ನ ಮಾತಲ್ಲ. 1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಓದಿನಲ್ಲಿ ಹಿಂದಿದ್ದ ಹೈಸ್ಕೂಲು ಮಕ್ಕಳ ಕೈಲೇ ನಾಲ್ಕು, ಐದನೇ ಕ್ಲಾಸಿನವರಿಗೆ ಓದು ಹೇಳಿಸಿದರು. ಕಲಿತವರಿಗಿಂತ ಕಲಿಸಿದವರೇ ಜಾಸ್ತಿ ಮುಂದೆ ಬಂದರು. 1982ರಲ್ಲಿ ಇಂಥ 65 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಇಬ್ಬರಿಗೂ ಲಾಭ ಅಂತಲೇ ಕಂಡಿತು. ಅಷ್ಟು ದೂರ ಯಾಕೆ, 1995ರಲ್ಲಿ ನಮ್ಮ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಅಲ್ಲಿ ಮಕ್ಕಳ ಗುಂಪಿಗೆ ‘ತಟ್ಟೆ’ ಅಂತಾರೆ; ಐದು ತಟ್ಟೆಗಳಲ್ಲಿ ಎರಡು ಸಹಪಾಠಿಯ ನೆರವಿನಿಂದ ಕಲಿಯೋಕೇ ಇವೆ.

ಆದರೆ ನಿಮ್ಮ ಯಜಮಾನರ ಅನುಮಾನವನ್ನೂ ತಳ್ಳಿಹಾಕಲ್ಲ. ಸಂಜೆಯೆಲ್ಲ ಇದೇ ಆದರೆ ಅವನ ಹೋಂವರ್ಕ್ ಮೂಲೆ ಸೇರುತ್ತೆ. ವಾರಕ್ಕೆ ಮೂರು ದಿನ, ಅರ್ಧ ಗಂಟೆ ಸಾಕು. ಅವನ ಪರೀಕ್ಷೆ ಇದ್ದಾಗ ರಜೆ. ಊರಿನ ಮಕ್ಕಳೆಲ್ಲ ನಿಮ್ಮ ಜಗಲಿಗೆ ಬಂದರೆ ಒಪ್ಪಬೇಡಿ, ಅದು ಪುಕ್ಕಟೆ ಟ್ಯೂಷನ್ ಆಗಿಬಿಡುತ್ತೆ. (ಎಷ್ಟೋ ಮನೆಗಳಲ್ಲಿ ದೊಡ್ಡ ಮಗಳ ತಲೆಗೆ ತಮ್ಮ ತಂಗಿಯರ ಪಾಠವನ್ನೆಲ್ಲ ಕಟ್ಟಿರುತ್ತಾರೆ. ನಾನು ಹೇಳುತ್ತಿರೋದು ಅದಲ್ಲ.)

ಇನ್ನೊಂದು. ಹೇಳಿಕೊಡುವ ಮುಂಚೆ ಹತ್ತು ನಿಮಿಷ ಆ ಪಾಠ ನಿಮಗೆ ಹೇಳಿ ತೋರಿಸಲಿ. ನಿಮಗೆ ಗಣಿತ ಬರಬೇಕಾಗಿಲ್ಲ. ಸೊಪ್ಪು ಬಿಡಿಸುತ್ತಾ ಕೂತು ‘ಯಾಕೆ ಹಂಗೆ?’ ಅಂತ ಕೇಳಿದರೆ ಆಯಿತು. ಪುಟ್ಟಿ ತಪ್ಪು ಮಾಡಿದಾಗ ‘ದಡ್ಡಿ’ ಅನ್ನದಿರಲಿ, ಉತ್ತರ ತಾನೇ ಬರೆದುಕೊಡದಿರಲಿ. 52ರಲ್ಲಿ 17 ಕಳೆದು 45 ಅಂತ ಬರೆದಳಾ? ‘ಹೆಂಗೆ ಬಂತು, ಕಡ್ಡಿಯಲ್ಲಿ ತೋರಿಸು’ ಅನ್ನಲಿ. ಏಳರಲ್ಲಿ ಎರಡನ್ನು ಕಳೆದಿದ್ದಾಳೆ ಅಂತ ಅವನಿಗೇ ಕಾಣುತ್ತೆ. ಗೊತ್ತಿಲ್ಲದ್ದು ಕೇಳಿದರೆ ‘ನಾಳೆ ಹೇಳ್ತೀನಿ’ ಅಂತ ಹೇಳಿ, ಮಾರನೇ ದಿನ ತನ್ನ ಗಣಿತದ ಮೇಷ್ಟ್ರನ್ನು ಕೇಳಿಕೊಂಡು ಬರಲಿ.

52 ಕಡ್ಡಿಗೆ ಒಂದು ಪೊಟ್ಟಣ ಸಾಲದು, ಎರಡು ತಗೊಳ್ಳಿ. ಮದ್ದಿರುವ ತುದಿ ನೀವೇ ಮುರಿದು ಕೊಡಿ.