ಪುಸ್ತಕ ತೆರೆದಿಟ್ಟು ಕಾಯುವ ಮಗಳು

ಪ್ರಶ್ನೆ: ನನಗೆ ಮೂವರು ಮಕ್ಕಳು. ದೊಡ್ಡವಳಿಗೆ ಏಳು ವರ್ಷ, ನಡುವಿನವನಿಗೆ ನಾಲ್ಕು, ಚಿಕ್ಕವನಿಗೆ ಹತ್ತು ತಿಂಗಳು. ನಾನೂ ನನ್ನ ಗಂಡನೂ ಚೆನ್ನಾಗಿ ಯೋಚಿಸಿಯೇ ಹೋಮ್‌ಸ್ಕೂಲಿಂಗ್ ಆರಿಸಿಕೊಂಡೆವು. ಕಳೆದ ಸಲ ಇಡೀ ವರ್ಷದ ಟೈಮ್‌ಟೇಬಲ್ ಬರೆದು, ಬಣ್ಣ ಹಚ್ಚಿ, ಬೀರುವಿನ ಬಾಗಿಲಿಗೆ ಅಂಟಿಸಿದ್ದೆ. ಎರಡು ತಿಂಗಳು ನಡೆಯಿತು. ಆಮೇಲೆ ಚಿಕ್ಕವನು ಹುಟ್ಟಿದ. ಪಾಠ ಹಿಂದೆ ಬೀಳುತ್ತಲೇ ಹೋಯಿತು. ಈಗ ಹೊಸ ವರ್ಷದ ಪ್ಲ್ಯಾನ್ ಮಾಡಬೇಕು. ಪುಸ್ತಕಗಳನ್ನೆಲ್ಲ ತಂದಿಟ್ಟಿದ್ದೇನೆ, ಆದರೆ ಪೆನ್ ಹಿಡಿದು ಕೂತರೆ ಒಂದು ಸಾಲೂ ಬರೆಯಲು ಆಗುತ್ತಿಲ್ಲ. ಮಗಳು ಬೆಳಿಗ್ಗೆ ತಾನಾಗೇ ಪುಸ್ತಕ ತೆರೆದಿಟ್ಟು ಕೂತಿರುತ್ತಾಳೆ. ನಾನು ಮಗುವನ್ನು ಮಲಗಿಸಿ ಬರುವಷ್ಟರಲ್ಲಿ ಎದ್ದು ಹೋಗಿರುತ್ತಾಳೆ. 'ಸಾಕು, ಈ ವರ್ಷ ಶಾಲೆಗೆ ಸೇರಿಸೋಣ' ಅನ್ನುತ್ತಾರೆ ಗಂಡ. ನನ್ನ ಹಟಕ್ಕೆ ಮಗಳ ಓದು ಹಾಳಾಗುತ್ತಿದೆಯಾ?
- ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಸುಸ್ತು ಕಾಣಿಸಿತು. ಎರಡನೇ ಸಲ ಮಗಳು ಕಾಣಿಸಿದಳು. ಯಾರೂ ಹೇಳದೆ ಪುಸ್ತಕ ತೆರೆದಿಟ್ಟು ಅಮ್ಮನಿಗಾಗಿ ಕಾಯುವ ಹುಡುಗಿ. ಕಲಿಯುವ ಆಸೆ ಹೋಗಿದ್ದರೆ ಅವಳು ಪುಸ್ತಕ ಮುಟ್ಟುತ್ತಲೇ ಇರಲಿಲ್ಲ. ಅವಳ ಓದು ಹಾಳಾಗಿಲ್ಲ, ಈ ಮಾತನ್ನು ನಂಬಿ. ಆದರೆ ಕಾದು ಕಾದು ಎದ್ದು ಹೋಗುತ್ತಾಳೆ ಅಂದಿರಲ್ಲ, ಅದನ್ನು ಮಾತ್ರ ಈ ವರ್ಷ ಸರಿ ಮಾಡಲೇಬೇಕು. ಉಳಿದದ್ದೆಲ್ಲ ಆಮೇಲೆ.

ನಿಮ್ಮ ಟೈಮ್‌ಟೇಬಲ್ ಯಾಕೆ ನಿಲ್ಲಲಿಲ್ಲ ಅಂತ ನೋಡೋಣ. ನೀವು ಸೋಮಾರಿ ಅಂತಲ್ಲ. ಅದನ್ನು ಪುಸ್ತಕಗಳ ಅಳತೆಗೆ ಮಾಡಿದ್ದಿರಿ. ಇಷ್ಟು ಪಾಠ, ಇಷ್ಟು ತಿಂಗಳು, ಭಾಗಿಸಿದರೆ ದಿನಕ್ಕೆ ಇಷ್ಟು. ಆದರೆ ನಿಮ್ಮ ದಿನವನ್ನು ನಡೆಸುತ್ತಿರುವುದು ಪುಸ್ತಕ ಅಲ್ಲ, ಆ ಹತ್ತು ತಿಂಗಳ ಮಗು. ಈ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಹಗಲಲ್ಲಿ ಎರಡು ಸಲ ಮಲಗುತ್ತಾರೆ. ವರ್ಷ ತುಂಬಿ, ಒಂದೂವರೆ ವರ್ಷ ಆಗುವ ಹೊತ್ತಿಗೆ ಹೆಚ್ಚಿನವರದು ಒಂದೇ ನಿದ್ದೆ ಆಗಿಬಿಡುತ್ತದೆ. ನಡುವೆ ಹಲ್ಲು ಬರುತ್ತದೆ, ನಡೆಯಲು ಶುರು ಮಾಡುತ್ತದೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ಅಂದರೆ ಇವತ್ತು ನೀವು ಎಷ್ಟೇ ಜಾಣತನದಿಂದ ಟೈಮ್‌ಟೇಬಲ್ ಬರೆದರೂ ಎರಡು ಮೂರು ತಿಂಗಳಿಗೆ ಅದು ಬೇರೆ ಯಾರದೋ ಮನೆಯದು ಅನ್ನಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ನಿಮ್ಮ ಮನೆಯಲ್ಲಿ ಈ ವರ್ಷ ಹಾಸಿಗೆ ಅಂದರೆ ಆ ಮಗುವಿನ ನಿದ್ದೆ.

ಆದ್ದರಿಂದ ವರ್ಷದ ಪ್ಲ್ಯಾನ್ ಬಿಡಿ. ಆರು ವಾರದ್ದು ಮಾಡಿ. ಆರು ವಾರ ಪಾಠ, ಒಂದು ವಾರ ಬಿಡುವು. ಆ ಬಿಡುವಿನ ವಾರದಲ್ಲಿ ಮಗುವಿನ ನಿದ್ದೆ ಈಗ ಎಷ್ಟು ಹೊತ್ತಿಗೆ ಅಂತ ನೋಡಿ, ಮುಂದಿನ ಆರು ವಾರವನ್ನು ಹೊಸದಾಗಿ ಬರೆಯಿರಿ. ಹೀಗೆ ಆರು ಸುತ್ತು ಆದರೆ 36 ವಾರ ಪಾಠ, 6 ವಾರ ಬಿಡುವು. ವರ್ಷದಲ್ಲಿ ಇನ್ನೂ 10 ವಾರ ಕೈಯಲ್ಲಿ ಉಳಿಯುತ್ತದೆ. ಆ ಹತ್ತು ವಾರಕ್ಕೆ ಈಗಲೇ ಏನನ್ನೂ ತುಂಬಬೇಡಿ. ಜ್ವರ, ನೆಂಟರು, ರಾತ್ರಿಯಿಡೀ ನಿದ್ದೆಗೆಟ್ಟ ದಿನಗಳು ಬಂದೇ ಬರುತ್ತವೆ. ಅವಕ್ಕೂ ಜಾಗ ಬೇಕು.

ದಿನಕ್ಕೆ ಎಷ್ಟು ಹೊತ್ತು ಪಾಠ? ಹೋಮ್‌ಸ್ಕೂಲಿಂಗ್ ಮಾಡುವವರು ಜಾಸ್ತಿ ಎಡವುವುದು ಇಲ್ಲೇ. ಶಾಲೆಯಲ್ಲಿ ಐದಾರು ಗಂಟೆ ಕೂರಿಸುತ್ತಾರೆ, ನಾವೂ ಅಷ್ಟು ಕೂರಿಸಬೇಕು ಅಂದುಕೊಳ್ಳುತ್ತೇವೆ. ಶಾಲೆಯ ಆ ಹೊತ್ತಿನಲ್ಲಿ ಹಾಜರಿ, ಸಾಲು ನಿಲ್ಲುವುದು, ಉಳಿದವರು ಬರೆದು ಮುಗಿಸುವವರೆಗೆ ಕಾಯುವುದು ಎಲ್ಲ ಸೇರಿರುತ್ತದೆ. ಮನೆಯಲ್ಲಿ ನೀವು ಪಕ್ಕದಲ್ಲೇ ಕೂತಿರುತ್ತೀರಿ, ಅವಳು ತಪ್ಪಿದ ಕ್ಷಣವೇ ನಿಮಗೆ ಗೊತ್ತಾಗುತ್ತದೆ. ಏಳು ವರ್ಷದವಳಿಗೆ ಒಂದೂಕಾಲು ಗಂಟೆ ಸಾಕು. ಅದೂ ಒಂದೇ ಸಮನೆ ಅಲ್ಲ. ಮನೆಯಲ್ಲಿ ಕಲಿಯುವ ಮಕ್ಕಳಿಗಾಗಿಯೇ ಬಹಳ ಕೆಲಸ ಮಾಡಿದ ಇಂಗ್ಲೆಂಡಿನ ಶಿಕ್ಷಕಿ ಷಾರ್ಲೆಟ್ ಮೇಸನ್ (1842-1923) ಸಣ್ಣ ಮಕ್ಕಳ ಒಂದು ಪಾಠ 20 ನಿಮಿಷ ದಾಟಬಾರದು ಅನ್ನುತ್ತಿದ್ದರು. ಮಗುವಿನ ಗಮನ ಚೆದುರುವ ಮೊದಲೇ ಪಾಠ ನಿಲ್ಲಿಸಬೇಕು ಅನ್ನುವುದು ಅವರ ಲೆಕ್ಕ. ಹಾಗೆ ನಿಲ್ಲಿಸಿದರೆ ಮರುದಿನ ಕೂರಲು ಅವಳು ತಾನಾಗೇ ಬರುತ್ತಾಳೆ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ವಾರಕ್ಕೆ ನಾಲ್ಕೇ ದಿನ, ದಿನಕ್ಕೆ ಒಂದೂಕಾಲು ಗಂಟೆ, 36 ವಾರ. ಒಟ್ಟು 180 ಗಂಟೆ. ಒಂದು ಮಗುವಿಗೆ ಒಬ್ಬರೇ ಎದುರು ಕೂತು ಕಲಿಸುವ 180 ಗಂಟೆ ಕಡಿಮೆ ಏನಲ್ಲ. ಐದನೇ ದಿನ ಪಾಠ ಬರೆಯಲೇಬೇಡಿ. ತಪ್ಪಿದ್ದನ್ನು ತುಂಬಿಕೊಳ್ಳಲು ಅದು ಇರಲಿ. ತಪ್ಪದೇ ಇದ್ದ ವಾರ ಹೊರಗೆ ಹೋಗಿ ಆಡಿ.

ಇನ್ನೊಂದು ವಿಷಯ. ಟೈಮ್‌ಟೇಬಲ್‌ನಲ್ಲಿ ತಾರೀಕು ಹಾಕಬೇಡಿ. 'ಜುಲೈ ಹತ್ತಕ್ಕೆ ಪಾಠ ಐದು' ಅಂತ ಬರೆದ ತಕ್ಷಣ ಹಿಂದೆ ಬೀಳುವುದು ಶುರುವಾಗುತ್ತದೆ. ಅದರ ಬದಲು ಪುಸ್ತಕದೊಳಗೆ ಒಂದು ರಟ್ಟಿನ ಪಟ್ಟಿ ಇಡಿ. ಪಟ್ಟಿ ಇರುವಲ್ಲಿಂದ ಮುಂದೆ ಓದುವುದು, ಅಷ್ಟೇ. ಎರಡು ದಿನ ತಪ್ಪಿದರೂ ಪಟ್ಟಿ ಅಲ್ಲೇ ಇರುತ್ತದೆ, ಬಾಕಿ ಅನ್ನುವ ಮಾತೇ ಇರುವುದಿಲ್ಲ. ದಿನದ ಕೊನೆಗೆ ಏನು ನಡೆಯಿತೋ ಅದನ್ನು ಒಂದು ನೋಟ್‌ಬುಕ್‌ನಲ್ಲಿ ಎರಡು ಸಾಲು ಬರೆಯಿರಿ. 'ಒತ್ತಕ್ಷರದ ಎರಡು ಪುಟ ಓದಿದಳು. ಬಟ್ಟೆ ಮಡಿಸುವಾಗ ಮೂರರ ಮಗ್ಗಿ ಹೇಳಿದಳು.' ನಾನು ನನ್ನ ಇಬ್ಬರಿಗೆ ಮನೆಯಲ್ಲೇ ಕಲಿಸಿದವಳು. ಎರಡನೆಯವನು ಅಂಬೆಗಾಲಿಡುತ್ತಿದ್ದಾಗ, ಏನೂ ಆಗಲೇ ಇಲ್ಲ ಅಂತ ಅತ್ತ ಒಂದು ವಾರದ ಪುಟವನ್ನು ಆಮೇಲೆ ತಿರುಗಿಸಿ ನೋಡಿದೆ. ಹನ್ನೊಂದು ಸಾಲು ಇತ್ತು. ಅದನ್ನು ಬರೆದವಳೂ ನಾನೇ, ಆದರೂ ನನಗೆ ನೆನಪಿರಲಿಲ್ಲ.

ಮಗ್ಗಿ ಅಂದೆನಲ್ಲ, ಅದನ್ನು ಪಾಠದ ಹೊತ್ತಿನಿಂದ ಹೊರಗೆ ತೆಗೆಯಿರಿ. ಮಗ್ಗಿ, ಕಾಗುಣಿತ, ಬಾಯಿಪಾಠದ ಪದ್ಯ, ಇವಕ್ಕೆ ಮೇಜು ಬೇಕಿಲ್ಲ. ದಿನಾ ಐದು ನಿಮಿಷ ಹೇಳಿಸಿದ್ದು ಭಾನುವಾರ ಒಂದು ಗಂಟೆ ಕೂರಿಸಿ ಹೇಳಿಸಿದ್ದಕ್ಕಿಂತ ಚೆನ್ನಾಗಿ ಉಳಿಯುತ್ತದೆ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಇದನ್ನು ತೋರಿಸಿದ್ದ. ಮಗುವಿನ ಡಯಾಪರ್ ಬದಲಿಸುತ್ತಾ ಮಗ್ಗಿ ಕೇಳಬಹುದು. ಅದು ಅರೆಬರೆ ಪಾಠ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಮಗಳ ಬರವಣಿಗೆ, ಲೆಕ್ಕ, ಹೊಸ ಪಾಠ, ನೀವು ಪಕ್ಕದಲ್ಲಿ ಇರಲೇಬೇಕಾದ ಕೆಲಸ ಯಾವುದೋ ಅದನ್ನು ಮಾತ್ರ ಮಗುವಿನ ಮೊದಲ ನಿದ್ದೆಗೆ ಇಡಿ. ಆ ಹೊತ್ತಿನಲ್ಲಿ ಪಾತ್ರೆ ತೊಳೆಯಬೇಡಿ, ಫೋನ್ ಎತ್ತಬೇಡಿ. ಅವಳು ಬೆಳಿಗ್ಗೆ ಕಾಯುತ್ತಾ ಕೂತಾಗ ಒಬ್ಬಳೇ ಮಾಡಬಹುದಾದ ಒಂದು ಕೆಲಸ ಹಿಂದಿನ ರಾತ್ರಿಯೇ ಮೇಜಿನ ಮೇಲೆ ಇರಲಿ. ಚಿತ್ರ ಬರೆಯುವುದೋ, ನಿನ್ನೆ ಕಲಿತ ಲೆಕ್ಕದ್ದೇ ಇನ್ನೆರಡೋ, ಓದಿದ ಕಥೆಯನ್ನೇ ಇನ್ನೊಮ್ಮೆ ಓದುವುದೋ. 'ಅಮ್ಮ ಬರುವಷ್ಟರಲ್ಲಿ ಇದು' ಅಂತ ಒಂದು ಇದ್ದರೆ ಕಾಯುವ ಹೊತ್ತು ಕಾಯುವ ಹೊತ್ತಾಗಿ ಉಳಿಯುವುದಿಲ್ಲ. ತಮ್ಮನನ್ನು ಮಲಗಿಸಿ ಬಂದು ನೀವು ಮೊದಲು ನೋಡಬೇಕಾದದ್ದು ಅದನ್ನೇ. ನೋಡದೆ ಬಿಟ್ಟರೆ ನಾಲ್ಕನೇ ದಿನಕ್ಕೆ ಮಾಡುವುದನ್ನು ನಿಲ್ಲಿಸುತ್ತಾಳೆ.

ನಾಲ್ಕು ವರ್ಷದವನ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ನಡುವಿನ ಮಕ್ಕಳ ಪಾಡೇ ಹಾಗೆ ಅಲ್ವಾ? ಅವನಿಗೆ ಪಾಠ ಬೇಡ. ಫಿನ್ಲೆಂಡ್‌ನಲ್ಲಿ ಮಕ್ಕಳು ಏಳು ತುಂಬುವ ವರ್ಷದಲ್ಲಿ ಒಂದನೇ ತರಗತಿಗೆ ಕೂರುತ್ತಾರೆ. ಅವನಿಗೆ ಬೇಕಾಗಿರುವುದು ದಿನದ ಮೊದಲ ಹತ್ತು ನಿಮಿಷ. ಅಕ್ಕನ ಪಾಠಕ್ಕೆ ಮೊದಲು ಅವನನ್ನು ತೊಡೆ ಮೇಲೆ ಕೂರಿಸಿಕೊಂಡು ಒಂದು ಕಥೆ ಓದಿ. ಆಮೇಲೆ ಪಾಠದ ಹೊತ್ತಿಗೆ ಮಾತ್ರ ತೆಗೆಯುವ ಒಂದು ಡಬ್ಬಿ ಅವನಿಗೆ ಕೊಡಿ. ಸ್ಲೇಟು, ಬಳಪ, ಮುಚ್ಚಳ ಇರುವ ಪುಟ್ಟ ಡಬ್ಬಿಗಳು, ಒಂದು ಬಟ್ಟಲಿಂದ ಇನ್ನೊಂದಕ್ಕೆ ಸುರಿಯಲು ಸ್ವಲ್ಪ ಕಾಳು. ಸುರಿಯುವುದು, ಮುಚ್ಚುವುದು, ಜೋಡಿಸುವುದು, ಇವನ್ನೇ ಸಣ್ಣ ಮಕ್ಕಳ ಪಾಠ ಮಾಡಿದವರು ಮರಿಯಾ ಮಾಂಟೆಸ್ಸೋರಿ. 1907ರಲ್ಲಿ ರೋಮ್‌ನಲ್ಲಿ ಅವರು ತೆರೆದ ಮೊದಲ ಮಕ್ಕಳ ಮನೆಯಲ್ಲಿ ಮಕ್ಕಳು ಇಂಥ ಕೆಲಸದಲ್ಲೇ ಮುಳುಗಿ ಹೋಗುತ್ತಿದ್ದರು. ಆದರೆ ಚಿಕ್ಕವನು ಎಚ್ಚರ ಇರುವಾಗ ಕಾಳಿನ ಬಟ್ಟಲು ಮೇಲಿನ ಕಪಾಟಿನಲ್ಲೇ ಇರಲಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಕೆಲವು ದಿನ ಇದ್ಯಾವುದೂ ಆಗುವುದಿಲ್ಲ. ಅಂಥ ದಿನಕ್ಕೆ ಎರಡೇ ಕೆಲಸ: ನೀವು ಗಟ್ಟಿಯಾಗಿ ಒಂದು ಕಥೆ ಓದುವುದು, ಮಗಳು ನಿಮಗೆ ಒಂದು ಪುಟ ಓದಿ ಹೇಳುವುದು. ಮೂವರೂ ಹಾಸಿಗೆ ಮೇಲೆ ಬಿದ್ದುಕೊಂಡೇ ಆಗಲಿ. ಅದನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ.

ಇನ್ನು ನಿಮ್ಮ ಗಂಡನ ಮಾತು. ಅವರ ಮೇಲೆ ಕೋಪ ಬೇಡ. ದಿನಾ ಸಂಜೆ ಸೋತು ಕೂತ ಹೆಂಡತಿಯನ್ನು ನೋಡಿ ಯಾರಾದರೂ ಹಾಗೇ ಹೇಳುತ್ತಾರೆ. ಆದರೆ ಇಬ್ಬರೂ ಸೇರಿ ಆರಿಸಿಕೊಂಡೆವು ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಕಲಿಸುವುದರಲ್ಲೂ ಅವರದೊಂದು ಪಾಲು ಬೇಕು. 'ಸ್ವಲ್ಪ ಸಹಾಯ ಮಾಡಿ' ಅಂತ ಕೇಳಬೇಡಿ, ಅದು ಎರಡು ದಿನ ನಡೆದು ನಿಲ್ಲುತ್ತದೆ. ಒಂದು ವಿಷಯವನ್ನೇ ಅವರಿಗೆ ಬಿಟ್ಟುಕೊಡಿ. ಲೆಕ್ಕವೋ ವಿಜ್ಞಾನವೋ ಅವರೇ ಆರಿಸಲಿ, ಅವರ ಹೊತ್ತಿಗೇ ಕಲಿಸಲಿ, ಅವರ ರೀತಿಯಲ್ಲೇ ಕಲಿಸಲಿ. ನೀವು ಪಕ್ಕದ ಕೋಣೆಯಿಂದ ತಿದ್ದಬೇಡಿ. ಇದು ನಿಮಗೆ ಕಷ್ಟ ಆಗುತ್ತದೆ, ಗೊತ್ತು.

ಶಾಲೆಗೆ ಸೇರಿಸುವುದು ಸೋಲು ಅಂತ ನನಗೆ ಅನ್ನಿಸುವುದಿಲ್ಲ. ಎಷ್ಟೋ ಮನೆಗಳಲ್ಲಿ ಅದೇ ಸರಿಯಾದ ದಾರಿ. ಆದರೆ ಅದನ್ನು ರಾತ್ರಿ ಹನ್ನೊಂದು ಗಂಟೆಗೆ ಅಳುತ್ತಾ ನಿರ್ಧಾರ ಮಾಡಬೇಡಿ. ಮೂರು ಸುತ್ತು, ಅಂದರೆ ಸುಮಾರು ಐದು ತಿಂಗಳು ಹೀಗೆ ನಡೆಸಿ ನೋಡಿ. ಮೂರನೇ ಬಿಡುವಿನ ವಾರದಲ್ಲಿ ಒಂದು ಹಗಲು ಇಬ್ಬರೂ ಆ ನೋಟ್‌ಬುಕ್ ಮುಂದಿಟ್ಟುಕೊಂಡು ಕೂರಿ. ಅವಳು ಓದುತ್ತಿದ್ದಾಳಾ, ಅವಳಿಗೆ ಖುಷಿ ಇದೆಯಾ, ನಿಮ್ಮ ಆರೋಗ್ಯ ಹೇಗಿದೆ, ಈ ಮೂರನ್ನೇ ನೋಡಿ. ಮೂರನೆಯದನ್ನು ಮರೆಯಬೇಡಿ. ಹೆರಿಗೆಯಾಗಿ ವರ್ಷವೂ ತುಂಬಿಲ್ಲ. ಪೆನ್ ಹಿಡಿದರೂ ಒಂದು ಸಾಲು ಬರೆಯಲಾಗದ ಸ್ಥಿತಿ ವಾರಗಟ್ಟಲೆ ಹಾಗೇ ಇದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಅದು ಪ್ಲ್ಯಾನ್‌ನ ತೊಂದರೆ ಅಲ್ಲದೆಯೂ ಇರಬಹುದು. ಹೆರಿಗೆಯ ನಂತರದ ಖಿನ್ನತೆ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು, ಅದಕ್ಕೆ ಚಿಕಿತ್ಸೆ ಇದೆ. ಸುಮ್ನೆ ನುಂಗಿಕೊಂಡು ಕೂರಬೇಡಿ, ಡಾಕ್ಟರ ಹತ್ತಿರ ಮಾತಾಡಿ.

ಈ ವಾರ ಪುಸ್ತಕದ ರಾಶಿ ಮುಟ್ಟಬೇಡಿ. ಮಗು ಎಷ್ಟು ಹೊತ್ತಿಗೆ ಮಲಗಿತು, ಎಷ್ಟು ಹೊತ್ತಿಗೆ ಎದ್ದಿತು, ಏಳು ದಿನ ಇಷ್ಟನ್ನೇ ಬರೆದಿಡಿ. ಬೀರುವಿನ ಮೇಲಿನ ಹಳೇ ಟೈಮ್‌ಟೇಬಲ್ ಇನ್ನೂ ಇದ್ದರೆ ತೆಗೆದು ಮಗಳಿಗೆ ಕೊಡಿ, ಹಿಂಬದಿ ಖಾಲಿ ಇರುತ್ತದಲ್ಲ, ಚಿತ್ರ ಬರೆಯಲಿ. ಎಂಟನೇ ದಿನ ಅವಳನ್ನೂ ಜೊತೆಗೆ ಕೂರಿಸಿಕೊಂಡು ಮೊದಲು ಯಾವ ಪುಸ್ತಕ ಅಂತ ಅವಳನ್ನೇ ಕೇಳಿ. ಆರು ವಾರ ಆದ ಮೇಲೆ ನನಗೊಂದು ಪತ್ರ ಹಾಕಿ. ಅವಳು ಯಾವುದನ್ನು ಆರಿಸಿದಳು ಅಂತ ತಿಳಿಯುವ ಆಸೆ ನನಗಿದೆ.