ಸೇನೆಯ ಪಶುವೈದ್ಯ ಪ್ರಯೋಗಾಲಯದಲ್ಲಿ ಪ್ರಾಣಿ ನೋಡಿಕೊಳ್ಳುವ ಕೆಲಸ ಸಿಕ್ಕಿದೆ. ಪ್ರಾಣಿಗಳೆಂದರೆ ನನಗೆ ಪ್ರಾಣ. ಹೋಗಲೇ, ಇಲ್ಲ ನರಸಾಪುರದ ಫ್ಯಾಕ್ಟರಿಗೆ ಸೇರಲೇ?

ನಿಮ್ಮದು ಚಿಂತಾಮಣಿ ಅಂದಿರಿ, ನಂದು ಶಿಡ್ಲಘಟ್ಟದ ಪಕ್ಕದ ಹಳ್ಳಿ. ಇಪ್ಪತ್ಮೂರನೇ ವಯಸ್ಸಲ್ಲಿ ನಾನೇ ಕೂತು ಬರೆದಂಗಿದೆ ನಿಮ್ಮ ಪ್ರಶ್ನೆ. ಅದೇ ಗುತ್ತಿಗೆ ಕೆಲಸ, ಅದೇ ಉತ್ತರದ ಕಡೆಯ ಒಂದು ದಂಡು ಪ್ರದೇಶ. ಜಾಗದ ಹೆಸರು ಬೇಡ.

ಮೊದಲು ನಾಯಿ, ಕುದುರೆ ಮಾತು ಬಿಡಿ. 2016ರಲ್ಲಿ ನಮ್ಮ ಮುಧೋಳ ನಾಯಿಮರಿಗಳನ್ನ ಸೇನೆಯವರು ಮೀರತ್‌ಗೆ ತರಬೇತಿಗೆ ಒಯ್ದ ಸುದ್ದಿ ಓದಿ ನಾನೂ ಅದೇ ಕನಸು ಕಂಡಿದ್ದೆ. ಆ ನಾಯಿಗಳ ಹಗ್ಗ ಹಿಡಿಯೋರು ಸಮವಸ್ತ್ರದವರು. ನನ್ನ ಪಾಲಿಗೆ ಬಂದಿದ್ದು ಇಲಿ, ಮೊಲ, ಗಿನಿಪಿಗ್, ಹಿಂದುಗಡೆ ಶೆಡ್ಡಲ್ಲಿ ನಾಲ್ಕು ಕುರಿ. ಎರಡೂವರೆ ವರ್ಷದಲ್ಲಿ ಹೇಸರಗತ್ತೆಯನ್ನ ಹತ್ತಿರದಿಂದ ನೋಡಿದ್ದು ಒಂದೇ ಸಲ. ಅವುಗಳ ರಕ್ತ ಮಾತ್ರ ಸಣ್ಣ ಸಣ್ಣ ಟ್ಯೂಬಿನಲ್ಲಿ ಬರುತ್ತಾನೇ ಇರ್ತಿತ್ತು.

ಆ ರಕ್ತಕ್ಕೂ ನನ್ನ ಗಿನಿಪಿಗ್‌ಗೂ ಏನು ಸಂಬಂಧ ಅಂತ ನನಗೆ ಆರು ತಿಂಗಳು ಗೊತ್ತೇ ಇರಲಿಲ್ಲ. ಒಬ್ಬ ಹವಾಲ್ದಾರರು ಚಹಾ ಕುಡೀತಾ ಹೇಳಿಕೊಟ್ಟರು. ಕುದುರೆ, ಹೇಸರಗತ್ತೆಗಳಿಗೆ ಗ್ಲಾಂಡರ್ಸ್ ಅಂತ ಕೆಟ್ಟ ರೋಗ ಬರುತ್ತೆ, ಮನುಷ್ಯರಿಗೂ ಅಂಟುತ್ತೆ. ಅದನ್ನ ಪತ್ತೆ ಮಾಡೋ ಒಂದು ಹಳೇ ಪರೀಕ್ಷೆಗೆ ಮೂರು ಪ್ರಾಣಿಗಳ ಸಾಮಾನು ಬೇಕು. ಕುರಿಯ ಕೆಂಪು ರಕ್ತಕಣ, ಆ ಕಣಗಳ ವಿರುದ್ಧ ಮೊಲದಲ್ಲಿ ತಯಾರಾದ ಸೀರಂ, ಜೊತೆಗೆ ಗಿನಿಪಿಗ್ ಸೀರಂ. ಸೀರಂ ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿನೀರು. ಈ ಕೊನೇದನ್ನ ಕಾಂಪ್ಲಿಮೆಂಟ್ ಅಂತಾರೆ, ಮೊಲದ ಸೀರಂ ಜೊತೆ ಸೇರಿ ಕುರಿಯ ಕಣಗಳನ್ನ ಒಡೆಯೋದು ಅದೇ. ಕುದುರೆಗೆ ರೋಗ ತಗುಲಿದ್ದರೆ ಕಾಂಪ್ಲಿಮೆಂಟ್ ಮೊದಲೇ ಖರ್ಚಾಗಿ ಕುರಿಯ ಕಣಗಳು ಒಡೆಯದೆ ತಳದಲ್ಲಿ ಬಟನ್ ಥರ ಕೂರುತ್ತವೆ. ರೋಗ ಇಲ್ಲದಿದ್ದರೆ ಒಡೆದು ನೀರೆಲ್ಲ ಕೆಂಪಾಗುತ್ತೆ. ರೋಗ ಇದೆ ಅಂತ ಖಚಿತವಾದ ಕುದುರೆಗೆ ಔಷಧಿ ಕೊಡಲ್ಲ, ಕೊಂದು ಹೂಳ್ತಾರೆ. ಅಷ್ಟು ದೊಡ್ಡ ತೀರ್ಮಾನದ ಒಂದು ಕಾಲು ನನ್ನ ಪಂಜರದೊಳಗಿತ್ತು.

ಕೆಲಸ ನನಗೆ ಕಷ್ಟ ಅನ್ನಿಸಲಿಲ್ಲ. ರೇಷ್ಮೆ ಹುಳುಮನೆಯಲ್ಲಿ ಹುಟ್ಟಿ ಬೆಳೆದವನು ನಾನು. ಒಳಗೆ ಕಾಲಿಡೋ ಮೊದಲು ಕೈಕಾಲು ತೊಳಿ, ಹೊರಗಿನವರನ್ನ ಬಿಡಬೇಡ, ತಟ್ಟೆಗೆ ಬ್ಲೀಚಿಂಗ್ ಪೌಡರ್, ಥರ್ಮಾಮೀಟರ್ ಮೇಲೆ ಒಂದು ಕಣ್ಣು, ಇವೆಲ್ಲ ಅಮ್ಮ ಬೈದು ಬೈದು ಕಲಿಸಿದ್ದು. ಅಲ್ಲಿ ಹಿಪ್ಪುನೇರಳೆ ಸೊಪ್ಪಿನ ಬದಲು ಕುದುರೆ ಮಸಾಲೆ ಅನ್ನೋ ಮೇವಿನ ಸೊಪ್ಪು, ಹುಳು ಗೂಡು ಕಟ್ಟೋ ಚಂದ್ರಿಕೆ ಬದಲು ಪಂಜರ, ಕೆಳಗೆ ಹಾಸೋಕೆ ಭತ್ತದ ಹೊಟ್ಟು. ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ. ಮೂರೇ ತಿಂಗಳಿಗೆ ಸೂಬೇದಾರ್ ಸಾಹೇಬರು 'ಕರ್ನಾಟಕದ ಹುಡುಗ ಚೊಕ್ಕ' ಅಂದರು. ಆ ಮಾತು ತಲೆಗೇರಿತು ಅನ್ನೋದನ್ನೂ ಹೇಳಿಬಿಡ್ತೀನಿ.

ಈಗ ತಪ್ಪಿನ ವಿಷಯ. ಜುಲೈ ತಿಂಗಳು, ಬಿಡದೆ ಮಳೆ. ಕುದುರೆ ಮಸಾಲೆ ದಿನಾ ತೊಪ್ಪೆಯಾಗಿ ಬರ್ತಿತ್ತು. ಒದ್ದೆ ಸೊಪ್ಪು ಹಾಕಿದರೆ ಹುಳುವಿಗೆ ಸಪ್ಪೆ ರೋಗ ಬರುತ್ತೆ ಅನ್ನೋದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆ ಬುದ್ಧೀನೇ ಇಲ್ಲೂ ಓಡಿಸಿದೆ. ಸೊಪ್ಪನ್ನೆಲ್ಲ ಕುರಿಗಳ ಮುಂದೆ ಸುರಿದೆ. ಅದೇ ಹೊತ್ತಿಗೆ ಗಿನಿಪಿಗ್ ಆಹಾರದ ಚೀಲ ಮುಗಿದಿತ್ತು, ಹೊಸದು ಬಂದಿರಲಿಲ್ಲ. ಮೊಲದ ಗುಳಿಗೆ ಆಹಾರ ನೋಡೋಕೆ ಅದೇ ಥರ, ವಾಸನೆಯೂ ಅದೇ. ಅದನ್ನೇ ಹಾಕಿದೆ. ಹೊಟ್ಟೆ ತುಂಬ ತಿಂದವು.

ಮೊಲ, ಇಲಿಗಳು ತಮಗೆ ಬೇಕಾದ ಸಿ ವಿಟಮಿನ್ ಅನ್ನ ಮೈಯಲ್ಲೇ ಮಾಡಿಕೊಳ್ಳುತ್ತವೆ. ಗಿನಿಪಿಗ್ ಕೈಲಿ ಆಗಲ್ಲ, ನಮ್ಮ ಹಾಗೇ ಅದಕ್ಕೂ ಹೊರಗಿಂದಲೇ ಬರಬೇಕು. ಹಾಗಾಗಿ ಮೊಲದ ಆಹಾರಕ್ಕೆ ಅದನ್ನ ಸೇರಿಸಿರಲ್ಲ. ಗಿನಿಪಿಗ್ ಆಹಾರಕ್ಕೆ ಸೇರಿಸಿದ್ದರೂ ಚೀಲ ಹಳೇದಾದಂತೆ ಅದು ಕರಗಿ ಹೋಗುತ್ತೆ, ತಯಾರಾದ ತಾರೀಖಿನಿಂದ 90 ದಿನದೊಳಗೆ ಮುಗಿಸಬೇಕು ಅನ್ನೋ ಲೆಕ್ಕ ಅದಕ್ಕೇ. ಅಂದರೆ ಸಿ ವಿಟಮಿನ್ ಬರೋ ಎರಡೂ ಬಾಗಿಲನ್ನ, ಹಸಿ ಸೊಪ್ಪು ಮತ್ತು ಗಿನಿಪಿಗ್ ಆಹಾರ, ನಾನು ಒಟ್ಟಿಗೆ ಮುಚ್ಚಿದ್ದೆ.

ಆದರೂ ಇದನ್ನ ನಾನು ತಪ್ಪು ಅಂತ ಎಣಿಸೋದಿಲ್ಲ. ಗೊತ್ತಿರಲಿಲ್ಲ, ಅಷ್ಟೇ. ತಪ್ಪು ನಡೆದಿದ್ದು ರಿಜಿಸ್ಟರಿನಲ್ಲಿ. ಅದರಲ್ಲಿ 'ಹಸಿರು ಮೇವು' ಅಂತ ಒಂದು ಕಾಲಂ. ದಿನಾ ಸಂಜೆ 'ಕೊಟ್ಟಿದೆ' ಅಂತ ಬರೆದು ಸಹಿ. ಮೊದಲ ದಿನ ಕೈ ತನ್ನಷ್ಟಕ್ಕೆ ಬರೆದುಬಿಡ್ತು, ಗಮನವೇ ಇರಲಿಲ್ಲ. ಎರಡನೇ ದಿನ ಗಮನ ಇತ್ತು. 'ಕೊಟ್ಟಿಲ್ಲ' ಅಂತ ಬರೆದರೆ ಯಾಕೆ ಅಂತ ಕೇಳ್ತಾರೆ, ಮುರುಕಲು ಹಿಂದಿಯಲ್ಲಿ ರೇಷ್ಮೆ ಹುಳುವಿನ ಕಥೆ ಹೇಳಬೇಕು, ಜೊತೆಗೆ ನಿನ್ನೆಯದು ಸುಳ್ಳು ಅಂತಲೂ ಆಗುತ್ತೆ. ಬರೆದೆ. ಮೂರನೇ ದಿನಕ್ಕೆ ಕಾರಣವೂ ಬೇಕಾಗಲಿಲ್ಲ. ಹೀಗೆ ಹತ್ತೊಂಬತ್ತು ಸಹಿ. ಆಮೇಲೆ ಕೂತು ಎಣಿಸಿದ್ದೀನಿ.

ಮೂರನೇ ವಾರ ಪಂಜರದ ಸದ್ದು ಇಳೀತು. ಬಾಗಿಲ ಸಪ್ಪಳಕ್ಕೆ ಕೀಚ್ ಕೀಚ್ ಅಂತ ಓಡಿ ಬರ್ತಿದ್ದ ಪ್ರಾಣಿಗಳು ಮೂಲೆಯಲ್ಲಿ ಮುದುಡಿ ಕೂತವು. ಎತ್ತಿದರೆ ನೋವಿಗೆ ಕಿರುಚುತ್ತಿದ್ದವು. ಕೀಲು ಊದಿತ್ತು, ಒಂದೆರಡರ ಒಸಡಲ್ಲಿ ರಕ್ತ. ಮೇಜರ್ ಸಾಹೇಬರು ಬಂದರು. ಒಳ್ಳೆ ಡಾಕ್ಟರು, ನೋಡಿದ ಕೂಡಲೇ ಅವರಿಗೆ ಅನುಮಾನ ಬಂದಿದ್ದು ಸ್ಕರ್ವಿಯದೇ, ಅಂದರೆ ಸಿ ವಿಟಮಿನ್ ಕೊರತೆಯ ರೋಗದ್ದು. ರಿಜಿಸ್ಟರ್ ತೆಗೆದರು. ಹತ್ತೊಂಬತ್ತೂ ದಿನ ಹಸಿರು ಕೊಟ್ಟಿದೆ. 'ಹಾಗಾದರೆ ಇದಲ್ಲ' ಅಂದು ಪುಟ ಮಡಚಿದರು. ನಾನು ಅಲ್ಲೇ, ಎರಡು ಅಡಿ ದೂರದಲ್ಲಿ, ಕೈಯಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದೆ.

ಸೋಂಕು ಇರಬೇಕು ಅಂತ ಕೋಣೆಗೆ ಬೀಗ ಬಿತ್ತು. ಮಾದರಿ ತೆಗೆದರು, ರೋಗಾಣು ಬೆಳೆಯುತ್ತಾ ಅಂತ ಕಲ್ಚರ್ ಹಾಕಿದರು, ಕಾದರು. ನಾಲ್ಕು ದಿನ. ಐದನೇ ದಿನ ಬೆಳಿಗ್ಗೆ ನಾನೇ ಹೋಗಿ ಹೇಳಿದೆ. ಅಷ್ಟರಲ್ಲಿ ನಲವತ್ತರಲ್ಲಿ ಹನ್ನೊಂದು ಸತ್ತಿದ್ದವು. ಉಳಿದವಕ್ಕೆ ಸಿ ವಿಟಮಿನ್ ಕೊಟ್ಟ ಮೇಲೆ ಒಂದು ವಾರದಲ್ಲಿ ಓಡಾಡತೊಡಗಿದವು. ಅಷ್ಟು ಸುಲಭದ ಮದ್ದು, ಅದೇ ಹೊಟ್ಟೆ ಉರಿಯೋದು.

ಮೇಜರ್ ಸಾಹೇಬರು ಕೂಗಾಡಲಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್, ಫ್ರೋಲಿಕ್ ಅನ್ನೋ ಇಬ್ಬರು ಬರೀ ಧಾನ್ಯ ತಿನ್ನಿಸಿ ಗಿನಿಪಿಗ್‌ಗೆ ಸ್ಕರ್ವಿ ಬರಿಸಿ ತೋರಿಸಿದ್ದರಂತೆ. 'ಅವರು ಏನು ತಿನ್ನಿಸಿದರೋ ಅದನ್ನೇ ಬರೆದಿಟ್ಟರು' ಅಂದರು. ವರ್ಷದ ಕೊನೆಗೆ ನನ್ನ ಗುತ್ತಿಗೆ ಮುಂದುವರಿಸಲಿಲ್ಲ. ನ್ಯಾಯವೇ.

ಹಾಗಾಗಿ ನಿಮ್ಮ 'ಪ್ರಾಣಿಗಳೆಂದರೆ ಪ್ರಾಣ' ಅನ್ನೋ ಮಾತು ನನಗೆ ಹಿಡಿಸಲಿಲ್ಲ. ನನಗೂ ಇಷ್ಟವೇ ಇತ್ತು, ಒಂದಕ್ಕೆ ಹೆಸರಿಟ್ಟು ಕರೀತಿದ್ದೆ. ಹನ್ನೊಂದರಲ್ಲಿ ಅದೂ ಒಂದು. ನೀವು ಮುದ್ದು ಮಾಡಿದ್ದನ್ನ ನಾಳೆ ರಕ್ತಕ್ಕೆ ಒಯ್ತಾರೆ, ವಾಪಸ್ ಬರದೇ ಇರಬಹುದು. ಪ್ರಾಣಿ ಹಿಂಸೆ ತಡೆಯೋ 1960ರ ಕಾಯ್ದೆ, ಪ್ರಾಣಿ ಪ್ರಯೋಗದ ಮೇಲಿನ 1998ರ ನಿಯಮ, ನೈತಿಕ ಸಮಿತಿ ಎಲ್ಲ ಇವೆ, ಬೇಕಾದ ಹಾಗೆ ಮಾಡೋಕೆ ಬಿಡಲ್ಲ. ಆದರೂ ಅದನ್ನ ನೋಡೋ ಕಣ್ಣು ನಿಮ್ಮದೇ. ನನ್ನ ಕೇಳಿದರೆ, ಮರೆತಿದ್ದನ್ನ ಮರೆತೆ ಅಂತ ಅದೇ ದಿನ ಮೇಲಿನವರಿಗೆ ಹೇಳೋ ಅಭ್ಯಾಸ ಇದ್ದರೆ ಹೋಗಿ. ಇಲ್ಲದಿದ್ದರೆ ನರಸಾಪುರದ ಬಸ್ ಹತ್ತಿ, ಅಲ್ಲಿ ಒಂದು ಬಿಡಿಭಾಗ ಹಾಳಾದರೆ ಇನ್ನೊಂದು ತಯಾರಾಗುತ್ತೆ. ಸಂಬಳ, ಭವಿಷ್ಯ ಅಂತೆಲ್ಲ ಬೇರೆಯವರು ಹೇಳಲಿ, ನನಗೆ ಆ ಲೆಕ್ಕ ಬರಲ್ಲ.

ನಾನೀಗ ಊರಲ್ಲೇ ರೇಷ್ಮೆಯ ಮರಿಹುಳು ಸಾಕೋ ಚಾಕಿ ಕೇಂದ್ರ ನಡೆಸ್ತೀನಿ. ಸೊಪ್ಪು ಕೊಡದ ಹೊತ್ತಿಗೂ ಒಂದು ಕಾಲಂ ಇಟ್ಟಿದ್ದೀನಿ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡೋವಾಗ, ಸೊಪ್ಪು ಹಾಕಲ್ಲವಲ್ಲ, ಅದನ್ನೂ ಹುಡುಗರ ಕೈಲಿ 'ಕೊಟ್ಟಿಲ್ಲ' ಅಂತ ಬರೆಸ್ತೀನಿ. ಅವರಿಗೆ ನಗು.

ಊಟ ಹೊಂದುತ್ತಾ ಅಂತಲೂ ಕೇಳಿದ್ದಿರಿ, ಮರೆತೇಬಿಟ್ಟೆ. ರಾಗಿ ಹಿಟ್ಟು ಐದು ಕೆಜಿ ಕಟ್ಟಿಕೊಂಡು ಹೋಗಿ. ಮೊದಲ ತಿಂಗಳಿಗೆ ಸಾಕು. ಆಮೇಲೆ ರೊಟ್ಟಿ ಅಭ್ಯಾಸ ಆಗುತ್ತೆ.