ಮ್ಯಾಪ್ ಪಕ್ಕಕ್ಕಿಡಿ, ಅಧ್ಯಾಯ ಎರಡು ಬರೀರಿ

ಬ್ರದರ್, ನಿಮ್ಮ ಫ್ಯಾಂಟಸಿ ಕಾದಂಬರಿಯ ತಯಾರಿ ಬಗ್ಗೆ ಗುಂಪಲ್ಲಿ ಹಾಕಿರೋ ಪೋಸ್ಟ್ ಪೂರ್ತಿ ಓದ್ದೆ. ಏಳು ರಾಜ್ಯ, ಎರಡು ಚಂದ್ರ, ಮೂರು ಭಾಷೆಗೆ ವ್ಯಾಕರಣ, ಐನೂರು ವರ್ಷದ ರಾಜವಂಶದ ಪಟ್ಟಿ, ಬಣ್ಣ ತುಂಬಿರೋ ಮ್ಯಾಪ್. ಶ್ರಮ ಕಾಣ್ತಿದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕೊನೇಲಿ ಬರ್ದಿದ್ದೀರಲ್ಲ, ಅಧ್ಯಾಯ ಒಂದನ್ನ ಮತ್ತೆ ತಿದ್ತಾ ಇದೀನಿ, ಮ್ಯಾಜಿಕ್ ಸಿಸ್ಟಮ್, ಅಂದ್ರೆ ಮ್ಯಾಜಿಕ್ಕಿನ ನಿಯಮ ಎಲ್ಲ, ಫೈನಲ್ ಆದ್ಮೇಲೇ ಮುಂದಕ್ಕೆ ಹೋಗ್ತೀನಿ, ಲಾರ್ಡ್ ಆಫ್ ದಿ ರಿಂಗ್ಸ್ ಬರೆದ ಟೋಲ್ಕಿನ್ನೂ ಹಿಂಗೇ ತಾನೇ ಮಾಡಿದ್ದು, ಇದನ್ನೆಲ್ಲ ಇಡೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ, ಅದನ್ನ ಓದಿ ಸುಮ್ನಿರೋಕಾಗ್ಲಿಲ್ಲ. ನಾನೂ ಇದೇ ದಾರೀಲಿ ವರ್ಷಗಟ್ಟಲೆ ಕಳೆದೆ, ನೋಟ್ಸ್ ಉಳೀತು, ಕಾದಂಬರಿ ಹುಟ್ಟಲೇ ಇಲ್ಲ. ಸಾಫ್ಟ್‌ವೇರ್ ವಿಷಯ ಆಮೇಲೆ ಹೇಳ್ತೀನಿ.

ಮೊದ್ಲು ಟೋಲ್ಕಿನ್. ಎಲ್ರೂ ಅವರ ಹೆಸರು ಹೇಳ್ಕೊಂಡೇ ಬರೆಯೋದನ್ನ ಮುಂದೂಡೋದು, ಹಂಗಾಗಿ ಇದನ್ನ ಸರಿಯಾಗಿ ತಿಳ್ಕೊಳ್ಳಿ. ಭಾಷೆ, ಪುರಾಣ ಎಲ್ಲ ಮೊದಲನೇ ಮಹಾಯುದ್ಧದ ಕಾಲದಿಂದ ಕಟ್ತಾ ಬಂದ್ರು, ಒಪ್ಪಿದೆ. ಆದ್ರೆ ಹಂಗೆ ಕಟ್ಟಿದ ಸಿಲ್ಮರಿಲಿಯನ್ ಅನ್ನೋ ಪುರಾಣಗಳ ಪುಸ್ತಕ ಅವರು ಬದುಕಿರೋವಾಗ ಮುಗೀಲೇ ಇಲ್ಲ. 1973ರಲ್ಲಿ ತೀರ್ಕೊಂಡ್ರು, ಮಗ ಕ್ರಿಸ್ಟಫರ್ ಕೂತು ಜೋಡಿಸಿ 1977ರಲ್ಲಿ ಹೊರಗೆ ತಂದ್ರು. ಮುಗಿಸಿ ಪ್ರಿಂಟಿಗೆ ಕೊಟ್ಟಿದ್ದು ಯಾವುದು? ಪರೀಕ್ಷೆ ಪೇಪರ್ ತಿದ್ತಾ ಖಾಲಿ ಹಾಳೆ ಮೇಲೆ ಒಂದು ಸಾಲು ಗೀಚಿ ಅಲ್ಲಿಂದ ಬೆಳೆದ ಹಾಬಿಟ್, ಮತ್ತೆ 1937ರ ಡಿಸೆಂಬರಲ್ಲಿ ಕಥೆ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿಲ್ಲದೇ ಶುರು ಮಾಡಿದ ಅದರ ಮುಂದಿನ ಭಾಗ, ಲಾರ್ಡ್ ಆಫ್ ದಿ ರಿಂಗ್ಸ್. ಆ ಡ್ರಾಫ್ಟಲ್ಲಿ ನಾಯಕನ ಹೆಸರು ಫ್ರೋಡೋ ಅಲ್ಲ, ಬಿಂಗೋ. ಹೋಟೆಲ್ ಮೂಲೇಲಿ ಕೂತಿರೋ ಸ್ಟ್ರೈಡರ್ ಇದಾನಲ್ಲ, ಆಮೇಲೆ ರಾಜ ಆಗೋನು, ಅವನು ಮೊದ್ಲು ಮರದ ಚಪ್ಪಲಿ ಹಾಕ್ಕೊಂಡಿರೋ ಟ್ರಾಟರ್ ಅನ್ನೋ ಒಬ್ಬ ಹಾಬಿಟ್, ಅಂದ್ರೆ ಕುಳ್ಳ ಜನದೋನು! ಅವನ್ಯಾರು ಅಂತ ಬರೆಯೋರಿಗೇ ಗೊತ್ತಿರ್ಲಿಲ್ಲ, ಆದ್ರೂ ಬರ್ಕೊಂಡ್ ಹೋದ್ರು. ನೀವು ಎರಡು ಚಂದ್ರನ ಪಂಚಾಂಗ ಕೂಡಲಿಲ್ಲ ಅಂತ ನಿಂತಿದ್ದೀರಿ, ಅವರಿಗೆ ಇದ್ದ ಒಂದೇ ಚಂದ್ರ ಕೈಕೊಟ್ಟಿತ್ತು. 1944ರಲ್ಲಿ ಕಥೆ ಅರ್ಧಕ್ಕಿಂತ ಮುಂದೆ ಹೋದ್ಮೇಲೆ ನೋಡ್ತಾರೆ, ಒಂದು ಕಡೆ ಚಂದ್ರ ಹುಟ್ತಾ ಇದಾನೆ, ಅದೇ ಹೊತ್ತಿಗೆ ಇನ್ನೊಂದು ಕಡೆ ಮುಳುಗ್ತಾ ಇದಾನೆ. ಆಗ ಹಿಂದಕ್ಕೆ ಹೋಗಿ ತಿದ್ದಿದ್ರು. ತಿದ್ದೋಕೆ ಅಷ್ಟೊಂದು ಪುಟ ಕೈಯಲ್ಲಿತ್ತು.

ಮ್ಯಾಪೇ ತಪ್ಪು ಅಂತ ನಾನು ಹೇಳ್ತಿಲ್ಲ. ಮ್ಯಾಪಿಂದ ಶುರು ಮಾಡಿದ್ದು ಒಳ್ಳೇದಾಯ್ತು ಅಂತ ಟೋಲ್ಕಿನ್ನೇ ಒಂದು ಪತ್ರದಲ್ಲಿ ಬರ್ದಿದ್ದಾರೆ, ದೂರ ಲೆಕ್ಕ ತಪ್ಪಲ್ಲ ಅಂತ. ಫ್ಯಾಂಟಸಿ ಲೇಖಕಿ ಅರ್ಸುಲಾ ಲೆ ಗ್ವಿನ್ನೂ ತಮ್ಮ ಕಾಲ್ಪನಿಕ ಜಗತ್ತು ಅರ್ಥ್‌ಸೀ ಶುರು ಮಾಡಿದ್ದು ದ್ವೀಪಗಳ ಮ್ಯಾಪ್ ಬಿಡಿಸಿಯೇ. ಆದ್ರೆ ಆ ದ್ವೀಪಗಳಲ್ಲಿ ಏನಿದೆ ಅಂತ ಅವರಿಗೆ ತಿಳಿದಿದ್ದು ಪಾತ್ರದ ದೋಣಿ ಅಲ್ಲಿಗೆ ಹೋದಾಗ. ಒಂದು ಸಂಜೆ ಮ್ಯಾಪ್ ಬಿಡಿಸಿ, ಮಾರನೇ ದಿನ ಹುಡುಗನ್ನ ದೋಣಿ ಹತ್ಸಿ, ಅಷ್ಟೇ.

ಈಗ ನನಗೆ ಕೆಲಸ ಮಾಡಿದ್ದು ಹೇಳ್ತೀನಿ. ಇದೊಂದು ಹಿಡ್ಕೊಂಡ್ರೂ ಸಾಕು.

ಬೈಬಲ್, ಅಂದ್ರೆ ನಿಮ್ಮ ಜಗತ್ತಿನ ವಿವರ ಎಲ್ಲ ಇಡೋ ನೋಟ್‌ಬುಕ್, ಮುಂಚೆ ಬರೀಬೇಡಿ, ಹಿಂದಿನಿಂದ ಬರೀರಿ. ಅಂದ್ರೆ ಡ್ರಾಫ್ಟಲ್ಲಿ ಈಗಾಗ್ಲೇ ಬಂದಿರೋದನ್ನ ಮಾತ್ರ ನೋಟ್‌ಬುಕ್ಕಿಗೆ ಏರಿಸಬೇಕು, ತಲೇಲಿರೋದನ್ನ ಅಲ್ಲ. ಮೂರು ಕಾಲಂ. ಒಂದರಲ್ಲಿ ವಿಷಯ, ಎರಡನೇದರಲ್ಲಿ ಅಧ್ಯಾಯ, ಮೂರನೇದರಲ್ಲಿ ಅದನ್ನ ಹೇಳಿದ್ದು ಯಾರು. ನನ್ನ ನೋಟ್‌ಬುಕ್ಕಿನ ಒಂದು ಸಾಲು ಹಿಂಗಿದೆ: "ಉತ್ತರದ ಸೇತುವೆ, ಮೂರು ಕಮಾನು, ದೈತ್ಯರು ಕಟ್ಟಿದ್ದು / ಅಧ್ಯಾಯ 4 / ಕಮಾನು ನಾಯಕಿ ನೋಡಿದ್ದು, ದೈತ್ಯರ ಮಾತು ಹಳೇ ಸಿಪಾಯಿದು, ಕುಡಿದಿದ್ದಾಗ." ಮೂರು ಕಮಾನು ಅನ್ನೋದನ್ನ ನಾಯಕಿ ಕಣ್ಣಾರೆ ನೋಡಿದ್ಲು, ಅದು ಗಟ್ಟಿ. ದೈತ್ಯರು ಕಟ್ಟಿದ್ದು ಅನ್ನೋದು ಕುಡುಕ ಹೇಳಿದ್ದು, ಬೇಕಾದ್ರೆ ಅಧ್ಯಾಯ 20ರಲ್ಲಿ ಸುಳ್ಳು ಅಂತ ಮಾಡ್ಬಹುದು, ಓದೋರು ಮೋಸ ಅನ್ನಲ್ಲ, ಬದಲಿಗೆ ಮೊದಲೇ ಪ್ಲಾನ್ ಮಾಡಿದ್ದಾರೆ ಅಂದ್ಕೊಳ್ತಾರೆ. ಈ ಮೂರನೇ ಕಾಲಮ್ಮಿಗೆ ಎಷ್ಟು ಬೆಲೆ ಅಂತ ಎರಡನೇ ಪುಸ್ತಕ ಬರೆಯೋವಾಗ ಗೊತ್ತಾಗುತ್ತೆ. ಮುಂಚೇನೇ ಬರ್ದಿಟ್ಟ ಬೈಬಲಲ್ಲಿ ಎಲ್ಲಾನೂ ಒಂದೇ ತೂಕದ ಸತ್ಯ ಆಗ್ಬಿಡುತ್ತೆ, ಯಾವುದನ್ನೂ ಅಲ್ಲಾಡ್ಸೋಕೆ ಮನಸ್ಸು ಬರಲ್ಲ.

ಬರೀತಾ ಬರೀತಾ ಹೆಸರು ಗೊತ್ತಿಲ್ಲ, ಹಬ್ಬದ ಪದ್ಧತಿ ಗೊತ್ತಿಲ್ಲ ಅಂತಾದ್ರೆ? ನಿಲ್ಲಬೇಡಿ. ಇಂಗ್ಲಿಷಲ್ಲಿ ಪತ್ರಕರ್ತರು ಆಮೇಲೆ ತುಂಬಬೇಕಾದ ಜಾಗಕ್ಕೆ ಟಿ-ಕೆ ಅಂತ ಎರಡಕ್ಷರ ಹಾಕಿ ಮುಂದೆ ಹೋಗ್ತಾರೆ, ಸೈನ್ಸ್ ಫಿಕ್ಷನ್ ಲೇಖಕ ಕೋರಿ ಡಾಕ್ಟರೋ ಕಾದಂಬರಿಗೂ ಅದನ್ನೇ ಮಾಡಿ ಅಂತಾರೆ. ನಾನು ಕನ್ನಡದಲ್ಲಿ ಝಝ ಹಾಕ್ತೀನಿ, ಯಾವ ಪದದಲ್ಲೂ ಈ ಜೋಡಿ ಬರಲ್ಲ, ಆಮೇಲೆ ಸರ್ಚ್ ಕೊಟ್ರೆ ಎಲ್ಲಾ ಸಿಗುತ್ತೆ. "ಅವಳು ಝಝದೇವಿಯ ಗುಡಿ ಮೆಟ್ಟಿಲ ಮೇಲೆ ಕೂತು ಝಝಹಣ್ಣು ಸುಲಿದಳು, ಕೈ ನಡುಗುತ್ತಿತ್ತು." ನೋಡಿ, ಈ ಸಾಲಲ್ಲಿ ನಿಜವಾಗ್ಲೂ ಬೇಕಾಗಿದ್ದು ಕೈ ನಡುಗಿದ್ದು. ದೇವಿ ಹೆಸರು ಡ್ರಾಫ್ಟ್ ಮುಗಿದ್ಮೇಲೆ ಒಂದು ಭಾನುವಾರ ಕೂತು ತುಂಬ್ಕೊಳ್ಳಿ. ಝಝ ಇರೋ ವಾಕ್ಯಗಳಲ್ಲಿ ಅರ್ಧದಷ್ಟನ್ನ ಆ ಹೊತ್ತಿಗೆ ನೀವೇ ಕಿತ್ತಾಕಿರ್ತೀರಿ.

ಒಂದು ಎಚ್ಚರಿಕೆ. ಕಥೆಯ ಗಂಟು ಬಿಚ್ಚೋ ಜಾಗಕ್ಕೆ ಝಝ ಹಾಕ್ಬೇಡಿ. ಮ್ಯಾಜಿಕ್ಕಿಂದ ಏನು ಸಾಧ್ಯ, ಅದಕ್ಕೆ ಏನು ಬೆಲೆ ಕೊಡಬೇಕು ಅನ್ನೋ ಎರಡು ಸಾಲು ನಿಮಗೆ ಗೊತ್ತಿರ್ಲೇಬೇಕು, ಇಲ್ಲಾಂದ್ರೆ ಕ್ಲೈಮ್ಯಾಕ್ಸಲ್ಲಿ ನಾಯಕ ಏನು ಬೇಕಾದ್ರೂ ಮಾಡ್ಬಿಡ್ತಾನೆ. ಫ್ಯಾಂಟಸಿ ಲೇಖಕ ಬ್ರಾಂಡನ್ ಸ್ಯಾಂಡರ್ಸನ್ ಹೇಳೋದು ಇದನ್ನೇ, ಓದುಗರಿಗೆ ಮ್ಯಾಜಿಕ್ ಎಷ್ಟು ಅರ್ಥ ಆಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಅದರಿಂದ ಸಮಸ್ಯೆ ಬಗೆಹರಿಸೋಕಾಗೋದು. ಎರಡು ಸಾಲು ಸಾಕು, ನಲವತ್ತು ಪುಟ ಬೇಡ. ಹಾರ್ಡ್ ಸೈನ್ಸ್ ಫಿಕ್ಷನ್ ಆದ್ರೆ ಬೇರೆ ಮಾತು, ಅಲ್ಲಿ ಕಥೇನೇ ಲೆಕ್ಕದ ಮೇಲೆ ನಿಂತಿರುತ್ತೆ, ಲೆಕ್ಕ ಮೊದಲೇ ಮಾಡ್ಬೇಕು. ನಿಮ್ಮದು ಅದಲ್ಲ.

ಅಧ್ಯಾಯ ಒಂದನ್ನ ತಿದ್ದೋದು ಇವತ್ತೇ ನಿಲ್ಸಿ. ಕೊನೇ ಅಧ್ಯಾಯ ಬರೆದ ದಿನ ಮೊದಲ ಅಧ್ಯಾಯ ಹೆಂಗೂ ಬದಲಾಗುತ್ತೆ, ಈಗ ಪಾಲಿಶ್ ಮಾಡಿದ್ದೆಲ್ಲ ವ್ಯರ್ಥ. ಸೈನ್ಸ್ ಫಿಕ್ಷನ್ ಲೇಖಕ ಹೈನ್ಲೈನ್ 1947ರಲ್ಲೇ ಐದು ನಿಯಮ ಹೇಳಿದ್ರು: ಬರೀರಿ, ಶುರು ಮಾಡಿದ್ದನ್ನ ಮುಗಿಸಿ, ಸಂಪಾದಕರು ಕೇಳದೇ ತಿದ್ದಬೇಡಿ, ಕಳ್ಸಿ, ಮಾರಾಟ ಆಗೋವರೆಗೂ ಕಳಿಸ್ತಾನೇ ಇರಿ. ಮೂರನೇದನ್ನ ನಾನು ಒಪ್ಪಲ್ಲ, ತಿದ್ದದೇ ಇರೋ ಡ್ರಾಫ್ಟ್ ಈ ಗುಂಪಲ್ಲೇ ಬೇಕಾದಷ್ಟು ಓದಿದ್ದೀನಿ, ಆದ್ರೆ ಎರಡನೇದು ಮಾತ್ರ ಗೋಡೆಗೆ ಅಂಟಿಸ್ಕೊಳ್ಳಿ.

ಸಾಫ್ಟ್‌ವೇರ್ ಕೇಳಿದ್ರಿ. ಕಾಲ್ಪನಿಕ ಜಗತ್ತಿನ ವಿವರ ತುಂಬಿಡೋ ವರ್ಲ್ಡ್ ಆನ್ವಿಲ್ ತರದ್ದು ನಿಮ್ಮಂಥೋರಿಗೆ ಬೇಡವೇ ಬೇಡ. ಖಾಲಿ ಕಾಲಂ ತೋರಿಸಿ ಧರ್ಮ ಏನು, ನಾಣ್ಯ ಏನು, ಸೈನ್ಯ ಎಷ್ಟು ಅಂತ ಕೇಳ್ತಾ ಹೋಗುತ್ತೆ, ತುಂಬ್ತಾ ಕೂತ್ರೆ ತಿಂಗಳು ಹೋಗುತ್ತೆ. ರೋಲ್-ಪ್ಲೇ ಆಟ ನಡ್ಸೋ ಗೇಮ್ ಮಾಸ್ಟರಿಗೆ ಅದು ಚೆನ್ನಾಗಿದೆ. ಸ್ಕ್ರಿವನರ್ ಅನ್ನೋ ಬರವಣಿಗೆ ಸಾಫ್ಟ್‌ವೇರ್ ಅಧ್ಯಾಯ ಹಿಂದೆ ಮುಂದೆ ಮಾಡೋಕೆ ತುಂಬಾ ಅನುಕೂಲ, ಆದ್ರೆ ಒಂದು ಡ್ರಾಫ್ಟ್ ಮುಗ್ಸಿ ಆಮೇಲೆ ತಗೊಳ್ಳಿ. ಗೇಮ್ ಆಫ್ ಥ್ರೋನ್ಸ್ ಬರೆದ ಜಾರ್ಜ್ ಆರ್. ಆರ್. ಮಾರ್ಟಿನ್ ಇಂಟರ್ನೆಟ್ ಇಲ್ಲದ ಹಳೇ ಡಾಸ್ ಕಂಪ್ಯೂಟರಲ್ಲಿ ಅಷ್ಟೇ ಹಳೇ ಟೈಪಿಂಗ್ ಸಾಫ್ಟ್‌ವೇರ್ ವರ್ಡ್‌ಸ್ಟಾರ್ 4.0 ಇಟ್ಕೊಂಡು ಬರೀತಾರೆ, ಟೂಲಿಂದ ಏನೂ ನಿಂತಿಲ್ಲ. ಸದ್ಯಕ್ಕೆ ಗೂಗಲ್ ಡಾಕ್ಸೋ ವರ್ಡೋ ಯಾವುದೋ ಒಂದು. ಯೂನಿಕೋಡಲ್ಲೇ ಟೈಪ್ ಮಾಡಿ, ಹಳೇ ಆಸ್ಕಿ ಫಾಂಟಲ್ಲಿ ಮಾಡಿದ್ರೆ ಬೇರೆ ಕಡೆ ಪೇಸ್ಟ್ ಮಾಡಿದಾಗ ಅಕ್ಷರ ಎಲ್ಲ ಕಲಸಿಹೋಗುತ್ತೆ. ಕಾಲ್ಪನಿಕ ಹೆಸರಿಗೆ ಒಂದೇ ಸ್ಪೆಲಿಂಗ್ ಇಟ್ಕೊಳ್ಳಿ, ಒಂದು ಕಡೆ ಆರ್ಕಾನ್, ಇನ್ನೊಂದು ಕಡೆ ಆರ್‌ಕಾನ್ ಅಂತ ಹೊಡೆದ್ರೆ ಸರ್ಚಲ್ಲಿ ಒಂದು ಸಿಕ್ಕಿದ್ರೆ ಇನ್ನೊಂದು ಸಿಗಲ್ಲ, ಇದು ಕೊನೇಲಿ ತುಂಬಾ ತಲೆನೋವು.

ಕಾಮೆಂಟಲ್ಲಿ ಯಾರೋ ಕೆಲಸ ಬಿಟ್ಟು ಫುಲ್ ಟೈಮ್ ಬರೀರಿ ಅಂದಿದ್ದಾರೆ. ದಯವಿಟ್ಟು ಆ ಮಾತು ಕೇಳ್ಬೇಡಿ. ಬ್ರಿಟನ್ನಿನ ಫ್ಯಾಂಟಸಿ ಲೇಖಕ ಟೆರ್ರಿ ಪ್ರ್ಯಾಚೆಟ್ ವಿದ್ಯುತ್ ಮಂಡಳಿಯ ಪತ್ರಿಕಾ ವಿಭಾಗದಲ್ಲಿ ಕೆಲಸ ಮಾಡ್ತಾ ದಿನಾ ರಾತ್ರಿ 400 ಪದ ಬರೀತಿದ್ರು, ಒಂದು ರಾತ್ರಿ ಕಾದಂಬರಿ ಮುಗಿದ್ರೂ ಲೆಕ್ಕಕ್ಕೆ ಇನ್ನೂ ಪದ ಬಾಕಿ ಇತ್ತು ಅಂತ ಹೊಸ ಹಾಳೆ ಹಾಕಿ ಮುಂದಿನ ಪುಸ್ತಕ ಶುರು ಮಾಡಿದ್ರು, ಕೆಲಸ ಬಿಟ್ಟಿದ್ದು 1987ರಲ್ಲಿ, ಪುಸ್ತಕಗಳು ಓಡೋಕೆ ಶುರುವಾದ್ಮೇಲೆ. ಚೀನಾದ ಸೈನ್ಸ್ ಫಿಕ್ಷನ್ ಲೇಖಕ ಲಿಯು ಸಿಶಿನ್ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದೋರು. ಸ್ಯಾಂಡರ್ಸನ್ ಹೋಟೆಲಲ್ಲಿ ನೈಟ್ ಡ್ಯೂಟಿ ಮಾಡ್ತಾ ಬರ್ದವರು, ಮೊದಲು ಮಾರಾಟ ಆದ ಪುಸ್ತಕ ಅವರು ಬರೆದ ಆರನೇದು. ಅಮೆರಿಕದ ಸೈನ್ಸ್ ಫಿಕ್ಷನ್ ಲೇಖಕಿ ಆಕ್ಟೇವಿಯಾ ಬಟ್ಲರ್ ಆಲೂ ಚಿಪ್ಸ್ ತಪಾಸಣೆ ಮಾಡೋದು, ಪಾತ್ರೆ ತೊಳೆಯೋದು ಹಿಂಗೆ ಸಿಕ್ಕ ಕೆಲಸ ಮಾಡ್ಕೊಂಡು ಬೆಳಗಿನ ಜಾವ ಎರಡಕ್ಕೆ ಎದ್ದು ಬರೀತಿದ್ರು, ಸ್ಫೂರ್ತಿ ಮರೀರಿ, ಅಭ್ಯಾಸ ನಂಬಿ ಅನ್ನೋದು ಅವರ ಮಾತಿನ ಸಾರ. ಎರಡು ಗಂಟೆಗೆ ಏಳಿ ಅಂತ ಹೇಳ್ತಿಲ್ಲ, ನಿದ್ದೆಗೆಟ್ಟು ಬರೆದಿದ್ದನ್ನ ಹಗಲಲ್ಲಿ ಓದೋಕಾಗಲ್ಲ ಅನ್ನೋದು ನನ್ನ ಅನುಭವ. ಆದ್ರೆ ದಿನಕ್ಕೆ ಅರ್ಧ ಗಂಟೆ ಟೈಮರ್ ಇಡಿ. ಬ್ರ್ಯಾಡ್ಬರಿ ಫ್ಯಾರನ್‌ಹೈಟ್ 451 ಕಾದಂಬರಿಯ ಮೊದಲ ರೂಪ ಬರೆದಿದ್ದು ಲೈಬ್ರರಿ ನೆಲಮಾಳಿಗೇಲಿ ಬಾಡಿಗೆ ಟೈಪ್‌ರೈಟರಲ್ಲಿ, ಅರ್ಧ ಗಂಟೆಗೆ 10 ಸೆಂಟ್. ಕಾಸು ಓಡ್ತಿದ್ರೆ ನಾಣ್ಯ ಪದ್ಧತಿ ಡಿಸೈನ್ ಮಾಡ್ತಾ ಯಾರೂ ಕೂರಲ್ಲ.

ಐದು ಸಂಪುಟ ಅಂತ ಬೇರೆ ಬರ್ದಿದ್ದೀರಿ. ಅದಕ್ಕೆ ಮುಂಚೆ ಅದೇ ಜಗತ್ತಲ್ಲಿ ಒಂದು ಸಣ್ಣ ಕಥೆ ಬರೀರಿ, ಹತ್ತು ಪುಟ, ಒಬ್ಬನೇ ಮಾಂತ್ರಿಕ, ಒಂದೇ ಊರು. ಅರ್ಥ್‌ಸೀ ಕಾದಂಬರಿ ಬಂದಿದ್ದು 1968ರಲ್ಲಿ, ಆದ್ರೆ ಆ ಜಗತ್ತಿನ ಎರಡು ಸಣ್ಣ ಕಥೆ 1964ರಲ್ಲೇ ಪತ್ರಿಕೇಲಿ ಬಂದಿದ್ವು. ನಿಮ್ಮ ಮ್ಯಾಜಿಕ್ ಕಥೇಲಿ ಓಡುತ್ತೋ ಇಲ್ವೋ ಹತ್ತು ಪುಟದಲ್ಲೇ ಗೊತ್ತಾಗುತ್ತೆ, ಕೆಟ್ಟರೆ ಹತ್ತೇ ಪುಟ ಹೋಯ್ತು. ಮುಗಿದ್ಮೇಲೆ ಝಝ ಎಲ್ಲ ಹಂಗೇ ಇದ್ರೂ ಪರವಾಗಿಲ್ಲ, ಇಲ್ಲೇ ಹಾಕಿ, ನಾನು ಓದಿ ಸಾಲು ಸಾಲಾಗಿ ಹೇಳ್ತೀನಿ. ಪಿಡಿಎಫ್ ಬೇಡ, ಕಾಮೆಂಟ್ ಹಾಕೋಕಾಗೋ ತರ ಡಾಕ್ ಲಿಂಕ್ ಕೊಡಿ.